ಮೇ ಬಿಸಿಲಿನಲ್ಲೂ ನೆಟ್ ಬಂದ್: ದಿನ್ನೆ ಮೇಲಿನ ರೇಡಿಯೊಗೆ ಎಷ್ಟು ಸೋಲಾರ್ ಬೇಕು?

ಪ್ರಶ್ನೆ: ಸರ್, ನಮ್ಮದು ಇಂಡಿ ತಾಲೂಕಿನ ಹಳ್ಳಿ. ಊರಾಗಿನ ಮನಿಗೆ ಫೈಬರ್ ನೆಟ್ ಐತಿ. ಅಲ್ಲಿಂದ ನಾಲ್ಕು ಕಿ.ಮೀ. ದೂರ ನಮ್ಮ ಲಿಂಬಿ ತೋಟ. ನಡುವ ದಿನ್ನಿ ಅಡ್ಡ ಬರ್ತದ, ಅದಕ್ಕ ದಿನ್ನಿ ಮ್ಯಾಲ ಕಂಬ ನೆಟ್ಟು ಎರಡು 5 ಗಿಗಾಹರ್ಟ್ಸ್ ರೇಡಿಯೊ ಕೂಡ್ರಿಸೀನಿ. ಒಂದು ಊರ ಕಡೆ, ಒಂದು ತೋಟದ ಕಡೆ. ಎರಡೂ ಜೋಡಸಾಕ ಹಳೇ ವೈಫೈ ರೂಟರ್ ಇಟ್ಟೀನಿ. ದಿನ್ನಿಗೆ ಕರೆಂಟ್ ಇಲ್ಲ. 160 ವಾಟಿನ ಸೋಲಾರ್ ಪ್ಲೇಟ್, 12 ವೋಲ್ಟ್ 100 ಎಎಚ್ ಟ್ಯೂಬುಲರ್ ಬ್ಯಾಟರಿ, ಬ್ಯಾಟರಿ ಚಾರ್ಜ್ ಮಾಡಾಕ ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್, ಒಂದು ಸಣ್ಣ ಇನ್ವರ್ಟರ್. ರೇಡಿಯೊ ಜೋಡಿ ಬಂದ ಅಡಾಪ್ಟರ್ ಇನ್ವರ್ಟರಿಗೇ ಚುಚ್ಚೀನಿ. ಯೂಟ್ಯೂಬ್ ನೋಡಿ ಪ್ಲೇಟ್ ದಕ್ಷಿಣಕ್ಕ 45 ಡಿಗ್ರಿ ಓರೆ ಮಾಡೀನಿ. ಡಿಸೆಂಬರಿನಿಂದ ಮಾರ್ಚ್ ತನಕ ಚಲೋ ನಡೀತು. ಮೇ ತಿಂಗಳ ರಣಬಿಸಿಲಿನಾಗ ಒಮ್ಮೊಮ್ಮೆ ನಸುಕಿನ್ಯಾಗ ಬಂದ್ ಆಗಾಕತ್ತಿತು. ಈಗ ಜುಲೈದಾಗ ವಾರಕ್ಕ ಎರಡು-ಮೂರು ಸಲ ಬಂದ್. ಮಳಿ ನೋಡಿದ್ರ ಬರೇ ಜಿಟಿಜಿಟಿ. ಅಂಗಡಿಯವರು ಇನ್ನೊಂದು ಪ್ಲೇಟ್ ಹಾಕ್ರಿ ಅಂತಾರ, ನಮ್ಮ ಅಳಿಯ ಬ್ಯಾಟರಿ ಡಬಲ್ ಮಾಡ್ರಿ ಅಂತಾರ. ತೋಟದಾಗ ಕ್ಯಾಮೆರಾ ಇರೋದರಿಂದ ರಾತ್ರಿ ನೆಟ್ ಬೇಕೇಬೇಕು. ಯಾರ ಮಾತು ಕೇಳ್ಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನೀವು ಬರೆದಿರುವ ವಿವರದಲ್ಲೇ ಉತ್ತರ ಇದೆ. ಚಳಿಗಾಲದಲ್ಲಿ ನಡೆದ ಸಾಮಾನು ಮೇ ಬಿಸಿಲಿನಲ್ಲಿ ಕೈಕೊಡುತ್ತದೆ ಎಂದರೆ ಬಿಸಿಲು ಕಡಿಮೆಯಾಗಿಲ್ಲ, ಪ್ಲೇಟ್ ಬಿಸಿಲಿಗೆ ಮುಖ ಕೊಡುತ್ತಿಲ್ಲ. ಅದರ ಜತೆಗೆ ಇನ್ವರ್ಟರ್ ಮತ್ತು ರೂಟರ್ ಸೇರಿ ನಿಮ್ಮ ಅರ್ಧ ಬ್ಯಾಟರಿಯನ್ನು ತಾವೇ ಕುಡಿಯುತ್ತಿವೆ. ಈ ಎರಡನ್ನು ಸರಿಪಡಿಸಿದರೆ ನಿಮ್ಮ 160 ವಾಟೇ ಸಾಕಾಗುವ ಲೆಕ್ಕ ಬರುತ್ತದೆ. ಹೇಗೆಂದು ಒಂದೊಂದಾಗಿ ನೋಡೋಣ.

ಮೊದಲು ಖರ್ಚು. ಸೋಲಾರ್ ಲೆಕ್ಕವನ್ನು ಎಲ್ಲರೂ ಪ್ಲೇಟಿನಿಂದ ಶುರು ಮಾಡುತ್ತಾರೆ, ಅಲ್ಲೇ ದಾರಿ ತಪ್ಪುತ್ತದೆ. ಮನೆಯ ದೀಪವನ್ನು ರಾತ್ರಿ ನಾಲ್ಕು ತಾಸು ಉರಿಸಿ ಆರಿಸುತ್ತೇವೆ. ರೇಡಿಯೊ ಹಾಗಲ್ಲ, ಅದಕ್ಕೆ ನಿದ್ದೆಯಿಲ್ಲ. ಒಂದು ವಾಟ್ ಎಳೆದರೂ ದಿನಕ್ಕೆ 24 ವಾಟ್-ಅವರ್ (ವಾಟನ್ನು ತಾಸಿನಿಂದ ಗುಣಿಸಿದ ಲೆಕ್ಕ). ರೇಡಿಯೊ ಅಡಾಪ್ಟರಿನ ಮೇಲೆ "24 ವೋಲ್ಟ್, 0.5 ಆಂಪಿಯರ್" ಎಂದು ಬರೆದಿರುತ್ತದೆ, ಗುಣಿಸಿದರೆ 12 ವಾಟ್. ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ, ರೇಡಿಯೊ ಎಳೆಯುವುದಲ್ಲ. ಈ ಜಾತಿಯ ಸಣ್ಣ ಡಿಶ್ ರೇಡಿಯೊ ಸಾಮಾನ್ಯವಾಗಿ 4ರಿಂದ 6 ವಾಟ್ ಎಳೆಯುತ್ತದೆ. 5 ಎಂದು ಹಿಡಿಯೋಣ.

ಎರಡು ರೇಡಿಯೊ 10 ವಾಟ್. ಹಳೇ ವೈಫೈ ರೂಟರ್ 4 ವಾಟ್. ಮೂರು ಅಡಾಪ್ಟರುಗಳು ಬಿಸಿಯಾಗಿ ಕಳೆಯುವುದು 3 ವಾಟ್. ಇಲ್ಲಿಗೆ 17. ಇನ್ನು ಇನ್ವರ್ಟರ್: ಸಣ್ಣ ಇನ್ವರ್ಟರ್ ಏನೂ ಚುಚ್ಚದೆ ಬರೀ ಚಾಲೂ ಇಟ್ಟರೂ 7–10 ವಾಟ್ ತಿನ್ನುತ್ತದೆ. ಒಟ್ಟು ಬ್ಯಾಟರಿಯಿಂದ ಹೊರಡುವುದು 25 ವಾಟಿನ ಆಸುಪಾಸು, ದಿನಕ್ಕೆ 600 ವಾಟ್-ಅವರ್. ಇದರಲ್ಲಿ ನಿಮ್ಮ ಕೆಲಸಕ್ಕೆ ಬರುತ್ತಿರುವುದು 240 ಮಾತ್ರ. 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿ ಮಾಡಿ, ಅದನ್ನೇ ಮತ್ತೆ 24 ವೋಲ್ಟ್ ಡಿಸಿ ಮಾಡುವ ಸುತ್ತುದಾರಿಯ ಸುಂಕ ಮತ್ತು ರೂಟರಿನ ಪಾಲು ಉಳಿದದ್ದು.

ನನ್ನ ಅಂದಾಜನ್ನು ನಂಬಿ ಕೂರಬೇಡಿ, ಅಳೆಯಿರಿ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ತಂತಿಯ ನಡುವೆ ಒಂದು ಡಿಸಿ ವಾಟ್ ಮೀಟರ್ ಹಾಕಿ 24 ತಾಸು ಬಿಡಿ. ವಾಟ್-ಅವರ್ ಅಂಕಿ ನೇರವಾಗಿ ತೋರಿಸುವ ಮೀಟರ್ ಇರಲಿ. ಎಸಿ ಕಡೆ ಕ್ಲ್ಯಾಂಪ್ ಮೀಟರ್ ಹಿಡಿದರೆ ಇಷ್ಟು ಸಣ್ಣ ಕರೆಂಟಿಗೆ ಸುಳ್ಳು ಅಂಕಿ ಬರುತ್ತದೆ, ಮೇಲಾಗಿ ಇನ್ವರ್ಟರ್ ತಾನು ತಿನ್ನುವುದು ಅದರಲ್ಲಿ ಕಾಣುವುದೇ ಇಲ್ಲ.

ಈಗ ಬೆಳೆ, ಅಂದರೆ ಪ್ಲೇಟ್ ಕೊಡುವುದು. 160 ವಾಟ್ ಎನ್ನುವುದು ಪ್ಲೇಟಿನ ಬಿಸಿ 25 ಡಿಗ್ರಿ ಇದ್ದಾಗ ಲ್ಯಾಬಿನಲ್ಲಿ ಅಳೆದ ಅಂಕಿ. ಬಿಸಿಲು ಜಾಸ್ತಿ ಆದಷ್ಟೂ ಕರೆಂಟ್ ಜಾಸ್ತಿ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಬೆಳಕು ಜಾಸ್ತಿಯಾದರೆ ಹೌದು, ಕಾವು ಜಾಸ್ತಿಯಾದರೆ ಇಲ್ಲ. ವಿಜಯಪುರದ ಏಪ್ರಿಲ್-ಮೇ ಮಧ್ಯಾಹ್ನ ಪ್ಲೇಟ್ 65 ಡಿಗ್ರಿ ಮುಟ್ಟುತ್ತದೆ, ಒಂದೊಂದು ಡಿಗ್ರಿಗೆ ನೂರಕ್ಕೆ 0.4ರಷ್ಟು ಇಳಿಕೆ, ಒಟ್ಟು ನೂರಕ್ಕೆ 15–16 ಹೋಯಿತು. ಪಿಡಬ್ಲ್ಯುಎಂ ಕಂಟ್ರೋಲರ್ 18 ವೋಲ್ಟಿನ ಪ್ಲೇಟನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕಟ್ಟುವುದರಿಂದ ಇನ್ನಷ್ಟು ನಷ್ಟ. ಧೂಳು, ತಂತಿ, ಬ್ಯಾಟರಿಯೊಳಗಿನ ನಷ್ಟ ಎಲ್ಲ ಸೇರಿ ಕೊನೆಗೆ ಕೈಗೆ ಬರುವುದು 0.65 ಪಾಲು ಎಂದು ಹಿಡಿಯುವುದು ಕ್ಷೇಮ. ಇದನ್ನು ಆ ದಿನದ "ಪೂರ್ಣ ಬಿಸಿಲಿನ ತಾಸು"ಗಳಿಂದ ಗುಣಿಸಬೇಕು. ಬೆಳಗಿನಿಂದ ಸಂಜೆವರೆಗೆ ಬಿದ್ದ ಬೆಳಕನ್ನೆಲ್ಲ ನಡುಮಧ್ಯಾಹ್ನದ ಬಿಸಿಲಿನ ಲೆಕ್ಕಕ್ಕೆ ತಂದರೆ ಎಷ್ಟು ತಾಸು ಆಗುತ್ತದೋ ಅದು.

ಚಳಿಗಾಲದಲ್ಲಿ ದಕ್ಷಿಣಕ್ಕೆ ಓರೆಯಾದ ನಿಮ್ಮ ಪ್ಲೇಟಿಗೆ ಸುಮಾರು 6 ತಾಸು ಸಿಕ್ಕಿದೆ. 160 × 6 × 0.65, ಅಂದರೆ 624. ಖರ್ಚು 600. ಅಂಚಿನಲ್ಲಿ ನಡೆಯಿತು, ಅಷ್ಟೇ.

ಮೇನಲ್ಲಿ ಏನಾಯಿತು? ಇಂಡಿ, ವಿಜಯಪುರ ಇರುವುದು 17 ಡಿಗ್ರಿ ಅಕ್ಷಾಂಶದ ಹತ್ತಿರ. ಮೇ ಎರಡನೇ ವಾರದ ಸುಮಾರಿಗೆ ಸೂರ್ಯ ನಿಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗ ಹನ್ನೆರಡೂವರೆ ಆಸುಪಾಸಿಗೆ ಹೊಲದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ ನೋಡಿ, ನೆರಳು ಬುಡದಲ್ಲೇ ಮುದುಡಿರುತ್ತದೆ. ಅಲ್ಲಿಂದ ಆಗಸ್ಟ್ ಮೊದಲ ವಾರದ ತನಕ ನಡುಹಗಲಿನ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ನಿಮ್ಮ ಪ್ಲೇಟ್ ದಕ್ಷಿಣಕ್ಕೆ 45 ಡಿಗ್ರಿ ಮುಖ ಮಾಡಿ ಕೂತಿದೆ. ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಮೂರನೇ ಒಂದು ಪಾಲು ಅದಕ್ಕೆ ಸಿಗುವುದೇ ಇಲ್ಲ. ಇನ್ನು ಜುಲೈನಲ್ಲಿ ಮೋಡ ಮುಚ್ಚಿದಾಗ ಬೆಳಕು ಒಂದು ದಿಕ್ಕಿನಿಂದ ಬರುವುದಿಲ್ಲ, ಇಡೀ ಆಕಾಶದಿಂದ ಚೆಲ್ಲಿ ಬರುತ್ತದೆ. ಅಂಥ ಬೆಳಕಿಗೆ ಪ್ಲೇಟ್ ಅಂಗಾತ ಮಲಗಿದ್ದಷ್ಟೂ ಒಳ್ಳೆಯದು. 45 ಡಿಗ್ರಿಯ ಸಲಹೆ ಯುರೋಪಿನ ದೇಶಗಳಿಗೆ ಸರಿ, ಅಲ್ಲಿ ಡಿಸೆಂಬರ್ ಕಷ್ಟದ ತಿಂಗಳು, ಸೂರ್ಯ ದಕ್ಷಿಣದ ದಿಗಂತದಲ್ಲೇ ತೆವಳುತ್ತಾನೆ. ನಮ್ಮ ಕಷ್ಟದ ತಿಂಗಳು ಜುಲೈ ಮತ್ತು ಆಗಸ್ಟ್. ಓರೆಯನ್ನು ಯಾವಾಗಲೂ ಕಷ್ಟದ ತಿಂಗಳಿಗೆ ಹೊಂದಿಸಬೇಕು.

"ಮಳೆ ಬರೀ ಜಿಟಿಜಿಟಿ" ಎಂದಿದ್ದೀರಿ. ಮೋಸ ಮಾಡುವುದು ಅದೇ. ಮಳೆ ಕಡಿಮೆ ಬೀಳುವ ಜಿಲ್ಲೆಯಲ್ಲಿ ಮೋಡವೂ ಕಡಿಮೆ ಎಂದು ಅನಿಸುತ್ತದೆ. ವಿಜಯಪುರಕ್ಕೆ ದೊಡ್ಡ ಮಳೆ ಸಾಮಾನ್ಯವಾಗಿ ಸೆಪ್ಟೆಂಬರಿನದು, ಆದರೆ ಜುಲೈ-ಆಗಸ್ಟಿನ ಮೋಡ ಹನಿಯದೆಯೂ ದಿನಗಟ್ಟಲೆ ತೂಗಾಡುತ್ತದೆ. ಆ ತಿಂಗಳುಗಳಿಗೆ ವಿಜಯಪುರ, ಬಾಗಲಕೋಟೆ ಕಡೆ ನಾನು ಹಿಡಿಯುವುದು ದಿನಕ್ಕೆ 4 ತಾಸು. ಬೆಳಗಾವಿ ನಗರದ ಸುತ್ತ 3.5, ಖಾನಾಪುರದ ಕಾಡಿನ ಕಡೆ 2.5. ಹಾಗಾಗಿ ಇಂಡಿಯಲ್ಲಿ ನಡೆದ ಲೆಕ್ಕವನ್ನು ಖಾನಾಪುರದ ನೆಂಟರಿಗೆ ಹೇಳಲು ಹೋಗಬೇಡಿ, ಅವರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಪ್ಲೇಟ್ ಬೇಕು.

ಪ್ಲೇಟ್ ಸರಿಯಾಗಿ ಮಲಗಿದ್ದರೂ 160 × 4 × 0.65 ಅಂದರೆ 416. ಖರ್ಚು 600. ದಿನಕ್ಕೆ 184 ಸಾಲ. ನಿಮ್ಮ ಬ್ಯಾಟರಿ ಬಳಿದು ಒರೆಸಿದರೆ 12 ವೋಲ್ಟ್ × 100 ಎಎಚ್ (ಆಂಪಿಯರ್-ಅವರ್), ಅಂದರೆ 1200 ವಾಟ್-ಅವರ್, ಆರೇಳು ದಿನಕ್ಕೆ ಖಾಲಿ. 45 ಡಿಗ್ರಿಯಲ್ಲಿ ಇನ್ನೂ ಬೇಗ. ಅಳಿಯನವರ ಸಲಹೆಯಂತೆ ಬ್ಯಾಟರಿ ಡಬಲ್ ಮಾಡಿದ್ದರೆ ಹನ್ನೆರಡು-ಹದಿಮೂರನೇ ದಿನ ಬಂದ್ ಆಗುತ್ತಿತ್ತು. ಹಗೇವು ದೊಡ್ಡದು ತೋಡಿದರೆ ಹೊಲದಲ್ಲಿ ಜೋಳ ಹೆಚ್ಚು ಬೆಳೆಯುವುದಿಲ್ಲವಲ್ಲ.

ಸಾದಾ ಲೆಡ್ ಬ್ಯಾಟರಿಗೆ ನಮ್ಮ ಕಡೆ ನೆನಪಿಡಬಹುದಾದ ಅಳತೆ ಒಂದಿದೆ. ಹಗಲೂ ರಾತ್ರಿ ಉರಿಯುವ ಒಂದೊಂದು ವಾಟಿಗೂ 12 ವಾಟ್ ಪ್ಲೇಟ್, 12 ಎಎಚ್ ಬ್ಯಾಟರಿ. ಇದು ಬಂದದ್ದು ಹೀಗೆ: ದಿನಕ್ಕೆ 24 ವಾಟ್-ಅವರನ್ನು 4 × 0.65ರಿಂದ ಭಾಗಿಸಿದರೆ 9 ಚಿಲ್ಲರೆ ವಾಟ್. ಖಾಲಿಯಾದ ಬ್ಯಾಟರಿ ಮತ್ತೆ ತುಂಬಿಕೊಳ್ಳಲು ನೂರಕ್ಕೆ ಮೂವತ್ತು ಸೇರಿಸಿದರೆ 12. ಬ್ಯಾಟರಿಗೆ ಮೂರು ದಿನದ 72 ವಾಟ್-ಅವರ್, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು ಎಂಬ ನಿಯಮಕ್ಕೆ 144, ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 12 ಎಎಚ್. ಈಗಿನ 25 ವಾಟಿಗೆ 300 ವಾಟ್ ಪ್ಲೇಟ್, 300 ಎಎಚ್ ಬ್ಯಾಟರಿ ಬೇಕು. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಆ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ವರ್ಟರಿನ, ರೂಟರಿನ ಹೊಟ್ಟೆಗೆ ಹೋಗುತ್ತದೆ.

ಆದ್ದರಿಂದ ಮೊದಲು ಇನ್ವರ್ಟರ್ ಇಳಿಸಿ. ಅದರ ಬದಲು 12 ವೋಲ್ಟನ್ನು 24ಕ್ಕೆ ಏರಿಸುವ ಡಿಸಿ ಕನ್ವರ್ಟರ್ ಎರಡು ತನ್ನಿ, ರೇಡಿಯೊಗೆ ಒಂದೊಂದು. ಒಂದೇ ಹಾಕಿದರೂ ನಡೆಯುತ್ತದೆ. ಆದರೆ ಒಂದು ಸುಟ್ಟಾಗ ಯಾವುದು ಕೆಟ್ಟಿದೆ ಎಂದು ಮೀಟರ್ ಇಲ್ಲದೆ ಗೊತ್ತಾಗಬೇಕಾದರೆ ಎರಡು ಬೇರೆಬೇರೆ ಇರುವುದು ಲೇಸು. 1 ಆಂಪಿಯರ್ ಕೊಡುವಂಥದ್ದು, ಒಳಗೆ ಅಂಟು ತುಂಬಿ ಮುಚ್ಚಿದ್ದು ನೋಡಿ ತಗೊಳ್ಳಿ. ಅದಕ್ಕೂ ಮೊದಲು ರೇಡಿಯೊದ ಹಿಂದಿನ ಬರಹ ಓದಿ. ಕೆಲವು 10–30 ವೋಲ್ಟ್ ಏನು ಕೊಟ್ಟರೂ ನಡೆಯುತ್ತವೆ, ಅಂಥದ್ದಾದರೆ ಕನ್ವರ್ಟರೇ ಬೇಡ, ಬ್ಯಾಟರಿಯ 12 ವೋಲ್ಟನ್ನು ಇಂಜೆಕ್ಟರ್ (ನೆಟ್ ಕೇಬಲಿನೊಳಗೇ ಕರೆಂಟ್ ಸೇರಿಸುವ ಸಣ್ಣ ಡಬ್ಬಿ) ಮೂಲಕ ನೇರ ಕೊಡಬಹುದು. ಕೆಲವಕ್ಕೆ 24 ವೋಲ್ಟೇ ಬೇಕು. ಕೆಲವು 48 ವೋಲ್ಟಿನ ಬೇರೆ ಪದ್ಧತಿಯವು. 48 ವೋಲ್ಟಿನ ಇಂಜೆಕ್ಟರನ್ನು 24 ವೋಲ್ಟಿನ ರೇಡಿಯೊಗೆ ಚುಚ್ಚಿದರೆ ರೇಡಿಯೊ ಸುಡಬಹುದು. 24 ವೋಲ್ಟಿನ ಸಾದಾ ಪದ್ಧತಿಯಲ್ಲಿ ನೆಟ್ ಕೇಬಲಿನ 4, 5ನೇ ಎಳೆಗಳು ಪ್ಲಸ್, 7, 8ನೇ ಎಳೆಗಳು ಮೈನಸ್. ಜೋಡಿಸುವ ಮೊದಲು ಮೀಟರ್ ಹಿಡಿದು ನೋಡಿ.

ರೂಟರನ್ನೂ ಕಿತ್ತುಬಿಡಿ. ಎರಡು ರೇಡಿಯೊ ಬೆನ್ನಿಗೆ ಬೆನ್ನು ಜೋಡಿಸಲು ನಡುವೆ ಏನೂ ಬೇಕಿಲ್ಲ. ಎರಡು ಇಂಜೆಕ್ಟರುಗಳ ಲ್ಯಾನ್ ತೂತುಗಳ ನಡುವೆ ಒಂದು ಗೇಣುದ್ದ ಪ್ಯಾಚ್ ಕೇಬಲ್ ಚುಚ್ಚಿದರೆ ಮುಗಿಯಿತು. ರೇಡಿಯೊಗಳು ಬ್ರಿಡ್ಜ್ ಮೋಡಿನಲ್ಲಿರಲಿ (ಬಂದ ನೆಟ್ಟನ್ನು ಹಾಗೇ ಮುಂದೆ ದಾಟಿಸುವ ಸೆಟ್ಟಿಂಗ್), ಎರಡಕ್ಕೂ ಬೇರೆಬೇರೆ ಐಪಿ ಕೊಡಿ.

ಈಗ ಖರ್ಚು: 10 ವಾಟ್, ಕನ್ವರ್ಟರಿನ ನಷ್ಟ ಸೇರಿ ಹನ್ನೊಂದೂವರೆ, ಕಂಟ್ರೋಲರಿನದೂ ಹಿಡಿದು 12. ದಿನಕ್ಕೆ 288. ಮೇಲಿನ ಅಳತೆಯಲ್ಲಿ 144 ವಾಟ್ ಪ್ಲೇಟ್, ನಿಮ್ಮ ಹತ್ತಿರ 160 ಇದೆ. ಬ್ಯಾಟರಿ 144 ಎಎಚ್ ಬರುತ್ತದೆ, ನಿಮ್ಮದು 100. ಇಲ್ಲಿ ಸ್ವಲ್ಪ ಸಡಿಲ ಬಿಡಬಹುದು. ದಟ್ಟ ಮೋಡದ ದಿನವೂ ಪ್ಲೇಟ್ ಪೂರ್ತಿ ಸುಮ್ಮನಿರುವುದಿಲ್ಲ, ಒಂದೂವರೆ ತಾಸಿನಷ್ಟಾದರೂ, ಅಂದರೆ 150 ಚಿಲ್ಲರೆ ಕೊಡುತ್ತದೆ. ಆಗ ದಿನದ ಸಾಲ 132 ಮಾತ್ರ, ಬ್ಯಾಟರಿಯ ಅರ್ಧ ಭಾಗವಾದ 600 ವಾಟ್-ಅವರ್ ನಾಲ್ಕು ದಿನ ದಾಟಿಸುತ್ತದೆ. ಇಂಡಿ ಕಡೆಗೆ ಇದು ಸಾಕು.

ಆದರೆ ಆ ಬ್ಯಾಟರಿ ಇನ್ನೂ 100 ಎಎಚ್ ಉಳಿದಿದೆಯೇ ಎನ್ನುವುದು ಬೇರೆ ಪ್ರಶ್ನೆ. ಪದೇಪದೇ ಪೂರ್ತಿ ಖಾಲಿಯಾದ, ವಾರಗಟ್ಟಲೆ ಅರ್ಧಹೊಟ್ಟೆಯಲ್ಲಿದ್ದ ಲೆಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಪೂರ್ತಿ ಬಿಡುವುದಿಲ್ಲ. ಹೊಸ ಜೋಡಣೆ ಮುಗಿದ ಮೇಲೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಊರಿಗೆ ತಂದು ಪೂರ್ತಿ ಚಾರ್ಜ್ ಮಾಡಿಸಿ. ಮತ್ತೆ ದಿನ್ನೆಗೆ ಒಯ್ದು ಪ್ಲೇಟಿನ ತಂತಿ ಬಿಚ್ಚಿಟ್ಟು ರೇಡಿಯೊ ಮಾತ್ರ ಓಡಿಸಿ, 11.9 ವೋಲ್ಟಿಗೆ ಇಳಿಯಲು ಎಷ್ಟು ತಾಸು ಬೇಕೆಂದು ಬರೆದಿಡಿ. ಆರೋಗ್ಯವಾಗಿದ್ದರೆ 50 ತಾಸಿನ ಸುಮಾರು ಬರಬೇಕು. 25ಕ್ಕಿಂತ ಕಡಿಮೆ ಬಂದರೆ ಬದಲಿಸದೆ ಗತಿಯಿಲ್ಲ.

ಕಂಟ್ರೋಲರಿನ ಕಡಿತದ ವೋಲ್ಟೇಜನ್ನೂ, ಅಂದರೆ ಬ್ಯಾಟರಿ ಎಷ್ಟಕ್ಕೆ ಇಳಿದಾಗ ಅದು ಲೋಡನ್ನು ಬಂದ್ ಮಾಡಬೇಕೋ ಆ ಅಂಕಿಯನ್ನೂ, ಈಗಲೇ ಬದಲಿಸಿ. ಕಾರ್ಖಾನೆಯಿಂದ ಬರುವಾಗ 10.8 ಅಥವಾ 11.1ಕ್ಕೆ ಇಟ್ಟಿರುತ್ತಾರೆ. ದೊಡ್ಡ ಲೋಡ್ ಎಳೆಯುವಾಗ ಅದು ಸರಿ. ನಿಮ್ಮದು ಬರೀ ಒಂದು ಆಂಪಿಯರ್, ಇಷ್ಟು ಹಗುರ ಲೋಡಿಗೆ ಬ್ಯಾಟರಿ 11.1 ತೋರಿಸುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ. ಕಡಿತ 11.9ಕ್ಕೆ, ಮತ್ತೆ ಚಾಲೂ ಆಗುವುದು 12.7ಕ್ಕೆ ಇರಲಿ. ಎರಡರ ನಡುವೆ ಅಂತರ ಕಡಿಮೆಯಾದರೆ ನಸುಕಿನಲ್ಲಿ ರೇಡಿಯೊ ಚಾಲೂ ಆಗುವುದು, ವೋಲ್ಟೇಜ್ ಕುಸಿಯುವುದು, ಬಂದ್ ಆಗುವುದು, ಹೀಗೆ ಹತ್ತು ಸಲ ಆಗಿ ಕೊನೆಗೆ ರೇಡಿಯೊ ನಡುವೆಯೇ ಸಿಕ್ಕಿಬೀಳುತ್ತದೆ. ದೀಪ ಉರಿಯುತ್ತಿರುತ್ತದೆ, ಲಿಂಕ್ ಇರುವುದಿಲ್ಲ. ಇದಕ್ಕೆ ರೇಡಿಯೊದ ಸೆಟ್ಟಿಂಗಿನಲ್ಲಿರುವ ಪಿಂಗ್ ವಾಚ್‌ಡಾಗ್ ಚಾಲೂ ಮಾಡಿ: ಊರ ಕಡೆಯ ರೇಡಿಯೊ ಹತ್ತು ನಿಮಿಷ ಉತ್ತರ ಕೊಡದಿದ್ದರೆ ದಿನ್ನೆಯ ರೇಡಿಯೊ ತಾನೇ ರೀಸ್ಟಾರ್ಟ್ ಆಗಲಿ.

ಪ್ಲೇಟಿನ ಓರೆ 12 ಡಿಗ್ರಿ ಮಾಡಿ. 160 ವಾಟಿನ ಪ್ಲೇಟ್ ಉದ್ದಕ್ಕೆ ಒಂದೂವರೆ ಮೀಟರ್ ಇರುತ್ತದೆ. ಅದನ್ನು ಉತ್ತರ-ದಕ್ಷಿಣವಾಗಿ ಮಲಗಿಸಿ ಉತ್ತರದ ತುದಿಯನ್ನು ದಕ್ಷಿಣದ ತುದಿಗಿಂತ ಒಂದು ಅಡಿ ಎತ್ತಿದರೆ ಸುಮಾರು 12 ಡಿಗ್ರಿ. ಹತ್ತಕ್ಕಿಂತ ಕೆಳಗೆ ಇಳಿಸಬೇಡಿ, ಮಳೆನೀರು ಹರಿಯದೆ ಕೆಳಗಿನ ಚೌಕಟ್ಟಿನ ಅಂಚಿನಲ್ಲಿ ಕೆಸರು ಕಟ್ಟುತ್ತದೆ. ಒಂದು ಬೆರಳಗಲದ ಆ ಕೆಸರಿನ ಪಟ್ಟಿ ಕೊನೇ ಸಾಲಿನ ಸೆಲ್ಲುಗಳನ್ನು ಮುಚ್ಚಿದರೆ ಅರ್ಧ ಪ್ಲೇಟೇ ಸುಮ್ಮನಾಗಬಹುದು. ಹೊಲದಲ್ಲಿ ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹಾರಿಬರುವ ಬೂದಿಯೂ ಹಾಗೇ ಅಂಟುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.

ಪ್ಲೇಟನ್ನು ರೇಡಿಯೊ ಕಂಬಕ್ಕೇ ಕಟ್ಟಿದ್ದರೆ ಬೇರೆ ಮಾಡಿ. ಒಂದು ಚದರ ಮೀಟರಿನ ಪ್ಲೇಟಿಗೆ ತಾಸಿಗೆ 100 ಕಿ.ಮೀ. ಗಾಳಿ ಎದುರಿನಿಂದ ಹೊಡೆದರೆ ಸುಮಾರು 45 ಕೆ.ಜಿ. ನೂಕು. ಕಂಬ ತುಸು ತಿರುಗಿದರೂ ಡಿಶ್ ಗುರಿ ತಪ್ಪುತ್ತದೆ, ಆಗ ನೀವು ಬ್ಯಾಟರಿಯನ್ನೇ ಬೈಯುತ್ತೀರಿ. ತೋಟದ ಕಡೆಯ ಕಂಬ ಎರೆಭೂಮಿಯಲ್ಲಿದ್ದರೆ ಬುಡದ ಎರೆ ತೆಗೆದು ಗರಸು ತುಂಬಿ ಕಾಂಕ್ರೀಟ್ ಹಾಕಿ. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ಮಣ್ಣಿನಲ್ಲಿ ಬರೀ ಹೂತ ಕಂಬ ಎರಡು ವರ್ಷ ನೆಟ್ಟಗೆ ನಿಲ್ಲುವುದಿಲ್ಲ.

ತಂತಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಪ್ಲೇಟಿನಿಂದ ಕಂಟ್ರೋಲರಿಗೆ 5 ಮೀಟರ್ ಇದ್ದರೆ 4 ಚದರ ಮಿ.ಮೀ. ತಾಮ್ರದ ತಂತಿ. 1.5 ಹಾಕಿದರೆ ತಂತಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಬ್ಯಾಟರಿಯ ಪ್ಲಸ್ ಬುಡದಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಡಿಸಿ ಫ್ಯೂಸ್, ಲೋಡ್ ಕಡೆಗೆ 3 ಆಂಪಿಯರಿನದು. ಮನೆಯ ಎಸಿ ಎಂಸಿಬಿ ಇಲ್ಲಿ ಬೇಡ, ಡಿಸಿ ಕಿಡಿಯನ್ನು ಅದು ಆರಿಸುತ್ತದೆಂದು ನಂಬುವಂತಿಲ್ಲ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಲೇಟ್ ಜೋಡಿಸಿ. ಬಿಚ್ಚುವಾಗ ಮೊದಲು ಪ್ಲೇಟ್.

ಬ್ಯಾಟರಿ ಪೆಟ್ಟಿಗೆಯನ್ನು ಪ್ಲೇಟಿನ ನೆರಳಲ್ಲೇ ಇಟ್ಟಿಗೆಯ ಮೇಲೆ ಕೂಡ್ರಿಸಿ, ಬಿಳಿ ಬಣ್ಣ ಬಳಿಯಿರಿ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಲೆಡ್ ಬ್ಯಾಟರಿಯ ಆಯುಷ್ಯ ಅರ್ಧವಾಗುತ್ತದೆ ಎನ್ನುವುದು ಹಳೆಯ, ನಂಬಬಹುದಾದ ಲೆಕ್ಕ. ಗಾಳಿಕಿಂಡಿ ಇರಲೇಬೇಕು, ಅದಕ್ಕೆ ಸಣ್ಣ ಜಾಳಿಗೆ ಹೊಡೆಯಿರಿ, ಇರುವೆ, ಹಲ್ಲಿ, ಇಲಿ ಹೊರಗಿರುತ್ತವೆ. ಕಂಟ್ರೋಲರ್, ಕನ್ವರ್ಟರ್ ಬೇರೆ ಪೆಟ್ಟಿಗೆಯಲ್ಲಿರಲಿ. ಟ್ಯೂಬುಲರ್ ಬ್ಯಾಟರಿಯ ಆ್ಯಸಿಡ್ ಹಬೆ ಒಂದೇ ವರ್ಷದಲ್ಲಿ ಟರ್ಮಿನಲ್ಲುಗಳಿಗೆ ಹಸಿರು ಹಿಡಿಸುತ್ತದೆ.

ಸಿಡಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಏಪ್ರಿಲ್-ಮೇ ಸಂಜೆಯ ಗುಡುಗು ಮಳೆಗೆ ದಿನ್ನೆಯ ಮೇಲೆ ನಿಂತ ಒಂಟಿ ಕಬ್ಬಿಣದ ಕಂಬವೇ ಗುರಿ. ರೇಡಿಯೊಗಿಂತ ಒಂದೂವರೆ ಮೀಟರ್ ಮೇಲೆ ಒಂದು ಸರಳು ನಿಲ್ಲಿಸಿ, ಶೀಲ್ಡ್ ಇರುವ ಹೊರಾಂಗಣ ಕೇಬಲ್ ಬಳಸಿ, ಕಂಬ, ಪ್ಲೇಟಿನ ಚೌಕಟ್ಟು, ಕೇಬಲಿನ ಶೀಲ್ಡ್ ಎಲ್ಲವನ್ನೂ ಒಂದೇ ಅರ್ಥಿಂಗಿಗೆ ಸೇರಿಸಿ. ದಿನ್ನೆಯ ಗರಸಿನಲ್ಲಿ ಒಂದು ರಾಡ್ ಹೊಡೆದರೆ ಸಾಲದು. ಕಂಬದ ಸುತ್ತ ಮೂರು ದಿಕ್ಕಿಗೆ ಐದೈದು ಮೀಟರ್ ಕಾಲುವೆ ತೋಡಿ ಜಿಐ ಪಟ್ಟಿ ಹಾಸಿ, ಮೇಲೆ ಕೆಳಗಿನ ಹೊಲದ ಎರೆಮಣ್ಣು ತಂದು ಮುಚ್ಚಿ. ನೇರ ಹೊಡೆತವನ್ನು ಇದು ಪೂರ್ತಿ ತಡೆಯುತ್ತದೆಂದು ಮಾತು ಕೊಡಲಾರೆ. ಸುತ್ತಮುತ್ತ ಬೀಳುವ ಸಿಡಿಲಿನಿಂದ ಲ್ಯಾನ್ ಪೋರ್ಟ್ ಸುಡುವುದು ಬಹಳ ಕಡಿಮೆಯಾಗುತ್ತದೆ.

ಬ್ಯಾಟರಿ ಬದಲಿಸುವುದೇ ಆದರೆ ಲಿಥಿಯಂ ಫೆರೊ ಫಾಸ್ಫೇಟ್ ತಗೊಳ್ಳಲೇ ಎಂದು ಮುಂದೆ ಕೇಳುತ್ತೀರಿ. ನೂರಕ್ಕೆ 80 ಬಳಸಬಹುದು, ಹಾಗಾಗಿ ನಿಮ್ಮ 12 ವಾಟಿಗೆ 80–100 ಎಎಚ್ ಭರ್ತಿ ಸಾಕು, ಅರ್ಧ ಚಾರ್ಜಿನಲ್ಲಿ ಕೂತರೂ ಹಾಳಾಗುವುದಿಲ್ಲ. ತೊಂದರೆ ಎರಡು. 45 ಡಿಗ್ರಿ ದಾಟಿದರೆ ಹಲವು ಬ್ಯಾಟರಿಗಳು ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸುತ್ತವೆ, ನೆರಳಿಲ್ಲದ ತಗಡಿನ ಪೆಟ್ಟಿಗೆ ಮೇನಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ. ಇನ್ನೊಂದು, ಬ್ಯಾಟರಿ ಪೂರ್ತಿ ಖಾಲಿಯಾದಾಗ ಅದರೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಬಾಗಿಲು ಹಾಕಿಕೊಳ್ಳುತ್ತದೆ. ಆಗ ಕಂಟ್ರೋಲರಿಗೆ ಬ್ಯಾಟರಿಯೇ ಕಾಣುವುದಿಲ್ಲ, ಬೆಳಗ್ಗೆ ಬಿಸಿಲು ಬಂದರೂ ಕೆಲವು ಕಂಟ್ರೋಲರುಗಳು ಏಳುವುದಿಲ್ಲ. ಹಾಗಾಗಿ ಕಂಟ್ರೋಲರಿನ ಕಡಿತ 12.0ಕ್ಕೆ, ಬಿಎಂಎಸ್‌ಗಿಂತ ಮೊದಲೇ ಆಗುವಂತೆ ಇಡಬೇಕು. ಚಾರ್ಜ್ 14.2–14.4, ಈಕ್ವಲೈಸ್ ಬಂದ್. ಲಿಥಿಯಂ ಆಯ್ಕೆ ಇಲ್ಲದ ಹಳೇ ಪಿಡಬ್ಲ್ಯುಎಂಗೆ ಇದನ್ನು ಜೋಡಿಸಬೇಡಿ. ಪ್ಲೇಟನ್ನು ಅದರದೇ ವೋಲ್ಟೇಜಿನಲ್ಲಿ ದುಡಿಸುವ ಎಂಪಿಪಿಟಿ ಕಂಟ್ರೋಲರಿಗೆ ಬದಲಿಸಿದರೆ 0.65ರ ಬದಲು 0.7ರ ಮೇಲೆ ಸಿಗುತ್ತದೆ. ಯಾರಾದರೂ ಕಡಿಮೆ ದರಕ್ಕೆ 330 ವಾಟಿನ ದೊಡ್ಡ ಪ್ಲೇಟ್ ಕೊಡುತ್ತೇನೆಂದರೆ ಮಾತ್ರ ಎಂಪಿಪಿಟಿ ಕಡ್ಡಾಯ. ಪಿಡಬ್ಲ್ಯುಎಂನಲ್ಲಿ ಅದು 120 ವಾಟ್ ಕೊಟ್ಟರೆ ಹೆಚ್ಚು.

ಇನ್ನೊಂದು ದಾರಿಯೂ ಇದೆ. ದಿನ್ನೆಯ ಮೇಲೆ ಎರಡರ ಬದಲು ಸುತ್ತಲೂ ಹರಡುವ ಆಂಟೆನಾದ ಒಂದೇ ರೇಡಿಯೊ ಇಟ್ಟು, ಊರಿನ ಮತ್ತು ತೋಟದ ಡಿಶ್‌ಗಳು ಅದಕ್ಕೇ ಸೇರುವಂತೆ ಮಾಡುವುದು. ಖರ್ಚು 6 ವಾಟಿಗೆ ಇಳಿಯುತ್ತದೆ, ನಿಮ್ಮ ಪ್ಲೇಟ್ ಎರಡರಷ್ಟಾಗುತ್ತದೆ. ವೇಗ ಅರ್ಧವಾಗುತ್ತದೆ, ಆದರೆ ಎರಡು-ಮೂರು ಕ್ಯಾಮೆರಾ, ಫೋನಿಗೆ ಅದು ಸಾಲುತ್ತದೆ. ಸುತ್ತಲಿನ ಬೇರೆ ಸಿಗ್ನಲ್ಲುಗಳ ಗದ್ದಲವನ್ನೂ ಆ ಆಂಟೆನಾ ಕೇಳಿಸಿಕೊಳ್ಳುತ್ತದೆ ಎನ್ನುವುದು ಅದರ ದೋಷ. ಬ್ಯಾಟರಿ ಪರೀಕ್ಷೆಯಲ್ಲಿ 25 ತಾಸಿಗಿಂತ ಕಡಿಮೆ ಬಂದು, ಈ ವರ್ಷ ಹೊಸದಕ್ಕೆ ದುಡ್ಡು ಹೊಂದದಿದ್ದರೆ ಈ ದಾರಿ ಹಿಡಿಯಿರಿ, ಅದೇ ಹಳೇ ಬ್ಯಾಟರಿ ಇನ್ನೊಂದು ಮಳೆಗಾಲ ದಾಟಿಸಬಹುದು.

ಈ ವಾರ ಮಾಡಬೇಕಾದದ್ದು ಪ್ಲೇಟ್ ಮಲಗಿಸುವುದು, ಅದಕ್ಕೆ ಒಂದು ಸ್ಪ್ಯಾನರ್ ಸಾಕು. ಕನ್ವರ್ಟರ್ ಬಂದ ದಿನ ಇನ್ವರ್ಟರ್ ಮತ್ತು ರೂಟರ್ ಇಳಿಸಿ, ವಾಟ್ ಮೀಟರನ್ನು ಮತ್ತೆ 24 ತಾಸು ಹಾಕಿ. 300ರ ಒಳಗೆ ಬಂದರೆ ಅಂಗಡಿಗೆ ಹೋಗುವ ಅಗತ್ಯವಿಲ್ಲ. 350 ದಾಟಿದರೆ ಯಾವುದೋ ರೇಡಿಯೊ ಹೆಚ್ಚು ಎಳೆಯುತ್ತಿದೆ, ಒಂದೊಂದನ್ನೇ ಬಿಚ್ಚಿ ಅಳೆದು ಆ ಅಂಕಿಗಳನ್ನು ಬರೆದು ಕಳಿಸಿ.